ನಾಲ್ಕನೇ ಮಂಚದ ಹೆಂಗಸು

ನಮ್ಮೂರ ಆಸ್ಪತ್ರೆಯ ಮಂಚದ ಮೇಲೆ ಮಲಗಿದವರಿಗೆಲ್ಲ ಒಂದೇ ಮುಖ. ಅದು ಯಾರ ಮುಖವೂ ಅಲ್ಲ. ಬಹಳ ವರ್ಷ ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯದ ಮೇಲಿನ ಮುಖದ ಹಾಗೆ, ಕಣ್ಣು ಮೂಗು ಬಾಯಿ ಇರಬೇಕಾದಲ್ಲೇ ಇರುತ್ತವೆ, ಆದರೆ ಇವರು ಇಂಥವರು ಎಂದು ಹೇಳಲು ಏನೂ ಸಿಗುವುದಿಲ್ಲ. ದನಿಯೂ ಹಾಗೆಯೇ, ಗಂಡಸಿಗೂ ಹೆಂಗಸಿಗೂ ಒಂದೇ ತೆಳ್ಳಗಿನ ನಿಧಾನದ ದನಿ. ಮಂಚದಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಎಲ್ಲ ವಾಪಸು ಬರುತ್ತದೆ. ವಾರ್ಡಿನ ಬಾಗಿಲ ಪಕ್ಕ ಅದಕ್ಕೆಂದೇ ಒಂದು ಕನ್ನಡಿ ಹಾಕಿದ್ದಾರೆ. ಗುಣವಾಗಿ ಮನೆಗೆ ಹೋಗುವವರು ಅದರ ಮುಂದೆ ನಿಂತು, ಮೂಗು ಮುಟ್ಟಿಕೊಂಡು, ತಲೆ ಬಾಚಿಕೊಂಡು ಹೊರಡುತ್ತಾರೆ. ಬೇರೆ ಊರಿನಿಂದ ವರ್ಗವಾಗಿ ಬಂದ ಡಾಕ್ಟರುಗಳು ಮೊದಲ ವಾರ ಬೆಚ್ಚುತ್ತಾರೆ. ಎರಡನೇ ವಾರ, ಊಟಕ್ಕೆ ಒಳ್ಳೆಯ ಮೆಸ್ ಎಲ್ಲಿದೆ ಎಂದು ಕೇಳಲು ಶುರುಮಾಡುತ್ತಾರೆ.

ಬದಲಾಗದೆ ಉಳಿಯುವುದು ಕೈಗಳು ಮಾತ್ರ. ಅದಕ್ಕೇ ನಮ್ಮೂರಿನಲ್ಲಿ ಜನ ಒಬ್ಬರ ಕೈಯನ್ನು ಒಬ್ಬರು ಗಮನವಿಟ್ಟು ನೋಡುತ್ತಾರೆ. ಹೆಣ್ಣು ನೋಡಲು ಬಂದವರೂ ಮುಖ ನೋಡಿ ಮುಗಿಸಿ, ಎಲ್ಲಿ ಕೈ ಚಾಚಮ್ಮ ಅನ್ನುತ್ತಾರೆ. ಸುಟ್ಟ ಕಲೆ, ಮಚ್ಚೆ, ಸೀಳಿದ ಉಗುರು, ಯಾವುದನ್ನೂ ನಾವು ಮುಚ್ಚಿಕೊಳ್ಳುವುದಿಲ್ಲ. ಮಗುವಿಗೆ ಕೈಮೇಲೆ ಒಂದು ಮಚ್ಚೆ ಇದ್ದರೆ ಅಜ್ಜಿಯರು ಪುಣ್ಯವಂತ ಕೂಸು ಅನ್ನುತ್ತಾರೆ.

ಆದರೆ ಕೈಯನ್ನು ನಂಬಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನ ಅಮ್ಮ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಮಗಳು ಕನಕ ಇನ್ನೂ ತೊಟ್ಟಿಲಲ್ಲಿದ್ದಳು. ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ದಿನಕ್ಕೆರಡು ಸಲ ಗಂಜಿ ತೆಗೆದುಕೊಂಡು ಓಡುತ್ತಿದ್ದೆ. ಕಿಟಕಿ ಪಕ್ಕದ ಮಂಚದಲ್ಲಿದ್ದವರ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಅಮ್ಮನದೂ ಸೊಟ್ಟ. ನನಗೆ ಸಂಶಯವೇ ಬರಲಿಲ್ಲ. ಅಮ್ಮ, ಗಂಜಿ ಕುಡಿಸಲಾ ಅಂದರೆ ಹೂಂ. ಉಪ್ಪು ಸಾಕಾ ಅಂದರೆ ಹೂಂ. ಮೂರು ದಿನ ಕುಡಿಸಿದೆ, ಕಾಲು ಒತ್ತಿದೆ, ಕನಕ ಮಗುಚಿಕೊಂಡಳು ಎಂಬ ಸುದ್ದಿ ಹೇಳಿದೆ. ಮೂರನೇ ದಿನ ಪಕ್ಕದ ಮಂಚದಿಂದ ದನಿ ಬಂತು, "ಪುಟ್ಟಗೌರಿ, ಉಳಿದಿದ್ರೆ ನಂಗೂ ಒಂದು ಲೋಟ ಕೊಡೇ."

ಎಲ್ಲವನ್ನೂ ನೋಡುತ್ತ ಯಾಕೆ ಸುಮ್ಮನಿದ್ದೆ ಎಂದು ನಾನು ಅಳುತ್ತ ಕೇಳಿದಾಗ ಅಮ್ಮ, ಅವಳಿಗೆ ಯಾರೂ ಬರುತ್ತಿರಲಿಲ್ಲ, ನೀನು ಬಂದೆ, ಇರಲಿ ಅಂತ ಬಿಟ್ಟೆ ಅಂದಳು. ಅಮ್ಮ ಗುಣವಾಗಿ ಮನೆಗೆ ಬಂದಳು. ಆಮೇಲೆ ಬದುಕಿದ್ದ ಹನ್ನೊಂದು ವರ್ಷವೂ, ಮನೆಗೆ ಬಂದವರಿಗೆಲ್ಲ, ಇವಳು ಕಿಟಕಿ ಪಕ್ಕದವಳ ಮಗಳು ಎಂದು ನನ್ನನ್ನು ಪರಿಚಯ ಮಾಡಿಕೊಡುತ್ತಿದ್ದಳು. ನಗುವ ಮಾತೇ. ಆದರೂ ಪ್ರತಿ ಸಲ ನನಗೆ ಒಳಗೆಲ್ಲೋ ಚುರುಕ್ ಅನ್ನುತ್ತಿತ್ತು.

ಆಗ ಆ ವಾರ್ಡಿನಲ್ಲಿ ಎಸ್ತರಮ್ಮ ಎಂಬ ನರ್ಸ್ ಇದ್ದರು. ನಾನು ಬೇರೆಯವರಿಗೆ ಗಂಜಿ ಕುಡಿಸಿದ್ದು ತಿಳಿದು ಅವರು ನಗಲಿಲ್ಲ. ಇದು ಗಂಜಿ, ಆದ್ದರಿಂದ ಸರಿಹೋಯಿತು, ಔಷಧಿಯಾಗಿದ್ದರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಆ ಕಾಲದಲ್ಲಿ ರೋಗಿಗಳ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟುತ್ತಿದ್ದರು. ಸ್ನಾನ ಮಾಡಿಸುವಾಗ ಬಿಚ್ಚಿದ ಪಟ್ಟಿಗಳು ಅದಲುಬದಲಾಗಿ, ಒಬ್ಬರಿಗೆ ಒಂಬತ್ತು ದಿನ ಇನ್ನೊಬ್ಬರ ಹೆಸರಿನಲ್ಲೇ ಔಷಧಿ ನಡೆದದ್ದೂ ಇದೆ. ಎಸ್ತರಮ್ಮ ದೊಡ್ಡ ಸಿಸ್ಟರ್ ಆದ ಮೇಲೆ ಪಟ್ಟಿಗಳನ್ನೆಲ್ಲ ತೆಗೆಸಿದರು. ಪಟ್ಟಿ ಇದ್ದರೆ ಪಟ್ಟಿಯನ್ನು ಓದುತ್ತೀರಿ, ಮನುಷ್ಯರನ್ನು ಕೇಳುವುದಿಲ್ಲ ಎಂಬುದು ಅವರ ವಾದ. ಅಂದಿನಿಂದ ನಮ್ಮ ಆಸ್ಪತ್ರೆಯಲ್ಲಿ ಎರಡು ಪ್ರಶ್ನೆಗಳ ಪದ್ಧತಿ. ಮೊದಲು ಹೆಸರು. ಒಂದೇ ಹೆಸರಿನವರು ಬೀದಿಗೆ ಹತ್ತು ಜನ ಇರುತ್ತಾರೆ, ಹುಟ್ಟಿದ ತಾರೀಖು ನನ್ನಂಥವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಎರಡನೆಯದು, ನಿಮಗೆ ನೆನಪಿರುವ ಮೊಟ್ಟಮೊದಲ ಸಂಗತಿ ಯಾವುದು. ಆಸ್ಪತ್ರೆಗೆ ಸೇರುವಾಗಲೇ ಗುಮಾಸ್ತ ನಂಜಪ್ಪ ಇವೆರಡನ್ನೂ ಕೇಳಿ ದಪ್ಪ ರಿಜಿಸ್ಟರಿನಲ್ಲಿ ಬರೆದು, ಅದರ ನಕಲನ್ನು ಮಂಚದ ಕಾಲಬಳಿಯ ಚೀಟಿಯಲ್ಲಿ ಹಾಕುತ್ತಾರೆ. ಔಷಧಿ ಕೊಡುವ ಪ್ರತಿ ಸಲವೂ ನರ್ಸ್ ಎರಡನ್ನೂ ಬಾಯಿಬಿಟ್ಟು ಕೇಳಬೇಕು. ಮಾತಾಡಲಾಗದವರ, ಕೂಸುಗಳ ಬಳಿ ಮನೆಯವರೊಬ್ಬರು ಮಂಚ ಬಿಟ್ಟು ಕದಲದೆ ಕೂತು ಉತ್ತರ ಹೇಳಬೇಕು.

ಕನಕ ನರ್ಸಿಂಗ್ ಶಾಲೆಗೆ ಸೇರಿದಾಗ ಅವಳಿಗೆ ಕಲಿಸಿದ್ದು ಇದೇ ಎಸ್ತರಮ್ಮ. ಅಷ್ಟು ಹೊತ್ತಿಗೆ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಮಗಳನ್ನು ಸೇರಿಸಲು ಹೋದಾಗ ನನ್ನ ಕೈ ನೋಡಿ, ಗಂಜಿಯಮ್ಮ ಅಲ್ಲವಾ ಅಂದರು.

ಅವರ ಕೊನೆಯ ಪರೀಕ್ಷೆ ಕಾಗದದ ಮೇಲೆ ನಡೆಯುವುದಿಲ್ಲ. ಹಳೇ ವಾರ್ಡಿನಲ್ಲಿ ಐದು ಮಂಚ ಹಾಕಿ, ಊರಿನ ಐದು ಜನರನ್ನು ಮಲಗಿಸುತ್ತಾರೆ. ಪಾಳಿಯ ಪ್ರಕಾರ ಪ್ರತಿ ಬೀದಿಯೂ ಜನ ಕೊಡಬೇಕು. ಪರೀಕ್ಷೆಗೆ ಬಂದ ಹುಡುಗಿ ಒಬ್ಬಳೇ ಒಳಗೆ ಬರುತ್ತಾಳೆ. ಐದು ಚಿಕ್ಕ ಲೋಟಗಳಲ್ಲಿ ಬಣ್ಣದ ಸಕ್ಕರೆ ನೀರು ಇರುತ್ತದೆ, ಪ್ರತಿ ಲೋಟದ ಮೇಲೂ ಹೆಸರು. ಯಾರದು ಯಾರಿಗೆ ಸೇರಬೇಕೋ ಸೇರಿಸಬೇಕು. ಸಕ್ಕರೆ ನೀರೇ ಆದರೂ ತಪ್ಪಾದರೆ ಎಸ್ತರಮ್ಮ ಬೋರ್ಡಿನ ಮೇಲೆ, ಇದು ನಿಜವಾದ ಔಷಧಿಯಾಗಿದ್ದರೆ ಆ ಮನುಷ್ಯನಿಗೆ ಎಷ್ಟು ಗಂಟೆಗೆ ಏನಾಗುತ್ತಿತ್ತು ಎಂದು ವಿವರವಾಗಿ ಬರೆಯುತ್ತಾರೆ. ಎರಡು ಸಲ ಮಾತ್ರ ಅವಕಾಶ. ಎರಡನೇ ಸಲವೂ ತಪ್ಪಿದವರು ನರ್ಸ್ ಆಗುವಂತಿಲ್ಲ. ಬೇಕಿದ್ದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಕೊಡುತ್ತಾರೆ, ಹಲವರು ಅಲ್ಲಿದ್ದಾರೆ.

ಹೋದ ವರ್ಷ ಕನಕ ತಪ್ಪಿದಳು. ಎರಡನೇ ಮಂಚದ ಬಳಿ ಹೋಗಿ, ನೀವು ಗಂಗಮ್ಮ ಅಲ್ಲವಾ ಎಂದು ಕೇಳಿದಳಂತೆ. ಮಲಗಿದ್ದವರು ಹೂಂ ಅಂದರು. ಅಲ್ಲಿ ಮಲಗಿದವರು ಯಾವಾಗಲೂ ಹೂಂ ಅನ್ನುತ್ತಾರೆ. ಕಾಯಿಲೆಯವರ ಸ್ವಭಾವವೇ ಅದು, ಪರೀಕ್ಷೆಗೆ ಮಲಗುವವರಿಗೂ ಎಸ್ತರಮ್ಮ ಹಾಗೇ ಹೇಳಿಕೊಟ್ಟಿರುತ್ತಾರೆ. ಹೂಂ ಎಂದು ಉತ್ತರಿಸಬಹುದಾದ ಪ್ರಶ್ನೆಗೆಲ್ಲ ಹೂಂ ಅನ್ನಿ ಎಂದು. ಆ ಸಂಜೆ ಕನಕ ಮನೆಗೆ ಬಂದು ಬಟ್ಟೆ ಬದಲಾಯಿಸದೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತಳು. ಬೋರ್ಡಿನ ಮೇಲೆ ಏನು ಬರೆದರು ಎಂದು ನಾನು ಕೇಳಲಿಲ್ಲ. ಅವಳೇ ಮೂರು ದಿನ ಬಿಟ್ಟು ಹೇಳಿದಳು. ಆರು ಗಂಟೆಗೆ ತಲೆ ಸುತ್ತು, ಎಂಟಕ್ಕೆ ವಾಂತಿ, ಹತ್ತೂವರೆಗೆ, ಎಂದು ನಿಲ್ಲಿಸಿದಳು.

ಅವಳಪ್ಪ ತಕ್ಕಡಿ ರಿಪೇರಿ ಮಾಡುವವರು. ಮನೆಯಲ್ಲಿ ಯಾವುದನ್ನೂ ದೊಡ್ಡದು ಮಾಡಲು ಬಿಡುವುದಿಲ್ಲ. ಎರಡನೇ ಸಲದ ಪರೀಕ್ಷೆಗೆ ಕನಕಳ ಓದನ್ನು ನೋಡಿ, ಈ ಸಲ ನಿಮ್ಮಮ್ಮನನ್ನೇ ಮಲಗಿಸಿದರೂ ನಿನಗೆ ಭಯವಿಲ್ಲ, ಮುಖ ಹೋದರೇನು, ಗೊರಕೆ ಹೋಗುವುದಿಲ್ಲವಲ್ಲ ಎಂದು ನಗಿಸಿದರು. ಅದಾಗಿ ಹತ್ತು ದಿನಕ್ಕೆ ನಮ್ಮ ಬೀದಿಯ ಪಾಳಿಯ ಚೀಟಿ ಬಂತು. ಅದರಲ್ಲಿ ನನ್ನ ಹೆಸರಿತ್ತು.

ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಗೇ ಎಸ್ತರಮ್ಮನ ಬಳಿಗೆ ಹೋದೆ. ಮಗಳ ಪರೀಕ್ಷೆಗೆ ತಾಯಿ ಮಲಗುವುದು ಸರಿಯಲ್ಲ, ಬೇರೆ ಯಾರನ್ನಾದರೂ ಹಾಕಿ ಎಂದು ಕೇಳಿಕೊಂಡೆ. ಅವರು ಕನ್ನಡಕದ ಮೇಲಿಂದ ನೋಡಿ, ಆಸ್ಪತ್ರೆಗೆ ಬರುವವರೆಲ್ಲ ಯಾರದೋ ತಾಯಿ ತಂದೆಯೇ, ಒಂದು ದಿನ ನೀವೂ ಬರುತ್ತೀರಿ, ಆಗ ನಿಮ್ಮ ಮಗಳು ಆ ವಾರ್ಡಿನಲ್ಲಿ ಇರುವುದು ಬೇಡವೇ ಎಂದು ಕೇಳಿದರು. ಅವಳಿಗೆ ಹೇಳಕೂಡದು ಎಂದೂ ಅಂದರು.

ಅಲ್ಲಿಂದ ನಂಜಪ್ಪನವರ ಮೇಜಿಗೆ ಹೋದೆ. ಅವರು ರಿಜಿಸ್ಟರ್ ತೆರೆದು, ಹೆಸರು ಬರೆದುಕೊಂಡು, ಮೊದಲ ನೆನಪು ಹೇಳಿ ತಾಯಿ ಅಂದರು. ನಾನು ಮಾಡಿದ ತಪ್ಪು ಇಲ್ಲಿಯದು. ನನಗೆ ನಿಜವಾಗಿ ಮೊದಲು ನೆನಪಿರುವುದು ಏನು ಎಂದು ನಾನು ಯೋಚಿಸಲೇ ಇಲ್ಲ. ಯೋಚಿಸಿದ್ದು ಕನಕಳಿಗೆ ಯಾವುದು ಗೊತ್ತು ಎಂದು. ನಮ್ಮ ಮನೆಯಲ್ಲಿ ಒಂದು ಕೋತಿಯ ಕಥೆ ಇದೆ. ನಾನು ಚಿಕ್ಕವಳಿದ್ದಾಗ ಒಂದು ಕೋತಿ ನಮ್ಮಪ್ಪನ ಹೊಸ ಪಂಚೆಯನ್ನು ಹಗ್ಗದಿಂದ ಎಳೆದುಕೊಂಡು ಹೋಗಿ ಅಂಚೆ ಕಚೇರಿಯ ಮಾಡಿನ ಮೇಲೆ ಹಾಸಿಕೊಂಡು ಕೂತಿತ್ತು, ಬೀದಿಯವರೆಲ್ಲ ಬಾಳೆಹಣ್ಣು ತೋರಿಸುತ್ತ ನಿಂತಿದ್ದರು. ಕನಕಳಿಗೆ ಅನ್ನ ಉಣ್ಣಿಸುವಾಗ ಇದನ್ನು ನೂರು ಸಲ ಹೇಳಿದ್ದೇನೆ. ಚೀಟಿಯಲ್ಲಿ ಕೋತಿ ಕಂಡರೆ ಸಾಕು, ಇದು ಅಮ್ಮ ಎಂದು ಅವಳಿಗೆ ಹೊಳೆಯುತ್ತದೆ, ಒಂದು ಮಂಚವಾದರೂ ತಪ್ಪುವುದಿಲ್ಲ ಎಂದು ಲೆಕ್ಕ ಹಾಕಿ ಕೋತಿಯನ್ನು ಬರೆಸಿದೆ. ನಂಜಪ್ಪ ಬರೆಯುತ್ತ ನಕ್ಕರು. ಕೋತಿ ಕೊನೆಗೆ ಪಂಚೆ ಕೊಟ್ಟಿತಾ ಎಂದು ಕೇಳಿದರು. ಇಲ್ಲ ಅಂದೆ.

ಪರೀಕ್ಷೆಯ ದಿನ ಬೆಳಿಗ್ಗೆ ಆರಕ್ಕೇ ಅಡುಗೆ ಮುಗಿಸಿಟ್ಟೆ. ಪ್ರತಿದಿನದಂತೆ ಕನಕ ನನ್ನ ಬಿಪಿ ಮಾತ್ರೆಯನ್ನು ಒಂದು ಕೈಯಲ್ಲಿ ಚಾಚಿ, ಇನ್ನೊಂದು ಕೈಯಲ್ಲಿ ಕಾಫಿ ಹಿಡಿದು, ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಕೂತಿದ್ದಳು. ಎಂಟಕ್ಕೆ ಅವಳು ಹೊರಟಳು. ಎಂಟೂಕಾಲಿಗೆ ನಾನು ಹಿಂದಿನ ಬೀದಿಯಿಂದ ಹೊರಟೆ.

ನನ್ನದು ನಾಲ್ಕನೇ ಮಂಚ. ಮಲಗಿ ತಲೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಕುತ್ತಿಗೆಯವರೆಗೆ ಹೊದಿಕೆ ಎಳೆದುಕೊಂಡಾಗ ಮುಖ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ನೋವಿಲ್ಲ, ತಂಪಿಲ್ಲ. ಹೆರಿಗೆಗೆ ಬಂದಾಗಲೂ ಹೀಗೇ ಹೋಗಿರಬೇಕು, ಆಗ ಗಮನಿಸುವ ಸ್ಥಿತಿ ಇರಲಿಲ್ಲ. ಕೈ ಎರಡೂ ಹೊದಿಕೆಯ ಮೇಲೆ. ಪಕ್ಕಕ್ಕೆ ತಿರುಗಿ ನೋಡಿದರೆ ನನ್ನದೇ ಮುಖದವರು ಸಾಲಾಗಿ ಮಲಗಿದ್ದರು. ಎರಡನೇ ಮಂಚದಲ್ಲಿ ನಮ್ಮ ಬೀದಿಯ ಜೈನಾಬಿ ಇದ್ದಾಳೆ ಎಂದು ಗೊತ್ತಿತ್ತು, ಒಟ್ಟಿಗೇ ಬಂದಿದ್ದೆವು. ಗೊತ್ತಿರದಿದ್ದರೆ ನನಗೆ ಗುರುತು ಸಿಗುತ್ತಿರಲಿಲ್ಲ.

ಎಸ್ತರಮ್ಮ ಮೂಲೆಯ ಕುರ್ಚಿಯಲ್ಲಿ ಕೂತರು. ಪ್ರತಿ ಹುಡುಗಿ ಬರುವ ಮೊದಲೂ ಎದ್ದು, ಒಂದನೇ ಮಂಚದ ತಡೆಕಂಬಿ ಇಳಿಸಿ, ಅದರ ಬಳಿ ಚೂರು ನೀರು ಚೆಲ್ಲಿ ಬರುತ್ತಿದ್ದರು. ಮೊದಲ ಹುಡುಗಿ ಆ ನೀರನ್ನು ನೋಡದೆ ದಾಟಿದಳು. ಎಸ್ತರಮ್ಮ ಏನೋ ಗುರುತು ಹಾಕಿಕೊಂಡರು. ಎರಡನೆಯವಳು ನೀರು ಒರೆಸಿದಳು, ಆದರೆ ಒರೆಸಿದ ಕೈಯನ್ನು ತೊಳೆಯದೆ ಲೋಟ ಮುಟ್ಟಿದಳು. ಮೂರನೆಯವಳು ಎಲ್ಲ ಸರಿಯಾಗಿಯೇ ಮಾಡಿದಳು, ಬಹಳ ಬೇಗ ಮಾಡಿದಳು. ಮೂವರೂ ನನ್ನ ಚೀಟಿಯನ್ನು ಕೈಯಲ್ಲಿ ಹಿಡಿದು, ಅದನ್ನೇ ನೋಡುತ್ತ ಹೆಸರು ಕೇಳಿದರು, ನೆನಪು ಕೇಳಿದರು. ನಾನು ಕೋತಿ, ಪಂಚೆ, ಅಂಚೆ ಕಚೇರಿ ಅಂದೆ. ಮೂರು ಸಲವೂ ಕೋತಿ ತಪ್ಪದೆ ಬಂತು. ಸಕ್ಕರೆ ನೀರು ಮೂರು ಸಲ ಕುಡಿದೆ. ಚೆನ್ನಾಗಿಯೇ ಇತ್ತು.

ನಾಲ್ಕನೆಯವಳು ಕನಕ. ಬಾಗಿಲಲ್ಲಿ ನಿಂತು ಅವಳು ಮೊದಲು ನೆಲ ನೋಡಿದಳು. ನೀರು ಒರೆಸಿದಳು. ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದಳು. ಅಷ್ಟು ಹೊತ್ತು ತೊಳೆಯಬೇಡ, ತಡವಾಗುತ್ತದೆ ಎಂದು ಕೂಗಬೇಕೆನಿಸಿತು. ಒಂದನೇ ಮಂಚದ ಪಕ್ಕದ ತಡೆಕಂಬಿ ಇಳಿದಿತ್ತು, ಅದನ್ನು ಎತ್ತಿ ಅಲ್ಲಾಡಿಸಿ ನೋಡಿದಳು. ಹೆಸರು ಕೇಳಿದಳು, ನೆನಪು ಕೇಳಿದಳು, ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ ಎಂದು ಕೇಳಿದಳು, ಆಮೇಲೆ ಚೀಟಿ ತಿರುಗಿಸಿ ನೋಡಿ ಲೋಟ ಕೊಟ್ಟಳು.

ಎರಡನೇ ಮಂಚದ ಬಳಿ ಅವಳ ನಡಿಗೆ ಬದಲಾಯಿತು. ಅಲ್ಲಿದ್ದ ಕೈಯನ್ನು ನೋಡಿ ಒಂದು ಕ್ಷಣ ನಿಂತಳು. ಜೈನಾಬಿಯ ಹೊದಿಕೆಯನ್ನು ಎರಡು ಸಲ ಸರಿಮಾಡಿದಳು. ಮಣಿಕಟ್ಟನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದಳು. ಎರಡು ಮಂಚದಾಚೆ ಮಲಗಿದ್ದ ನನಗೆ ಅರ್ಥವಾಯಿತು. ಅವಳು ಜೈನಾಬಿಯನ್ನು ನಾನು ಅಂದುಕೊಂಡಿದ್ದಳು. ನಾನು ಇಲ್ಲಿದ್ದೇನೆ ಎಂದು ಎದ್ದು ಕೂರುವಷ್ಟು ಸಂಕಟವಾಯಿತು. ಮೂರು ದಿನ ಗಂಜಿಯ ಲೋಟ ಪಕ್ಕದ ಮಂಚಕ್ಕೆ ಹೋಗುವುದನ್ನು ನೋಡುತ್ತ ಮಲಗಿದ್ದ ಅಮ್ಮನಿಗೆ ಹೇಗಾಗಿರಬೇಕು ಎಂದು ನನಗೆ ಆಗ ತಿಳಿಯಿತು. ಇರಲಿ ಅಂತ ಬಿಟ್ಟೆ ಎಂದಿದ್ದಳಲ್ಲ, ಅಷ್ಟು ಸುಲಭವಾಗಿರಲಿಕ್ಕಿಲ್ಲ.

ಆದರೂ ಕನಕ ಕೇಳಿದಳು. ಹೆಸರು ಹೇಳಿ ಅಮ್ಮ ಅಂದಳು. ಆ ಮಂಚದಿಂದ ಜೈನಾಬಿಯ ಹೆಸರು ಬಂದಾಗ ಕನಕಳ ಬೆನ್ನು ನೆಟ್ಟಗಾಯಿತು. ಆಮೇಲೆ ಜೈನಾಬಿಯ ಲೋಟವನ್ನೇ ಹುಡುಕಿ ಕೊಟ್ಟಳು.

ಮೂರನೇ ಮಂಚ ಮುಗಿಸಿ ನನ್ನ ಬಳಿ ಬಂದಾಗ ಅವಳ ಮುಖದಲ್ಲಿ ಯಾವ ಗುರುತೂ ಇರಲಿಲ್ಲ. ನನ್ನ ಕೈಯನ್ನು ನೋಡಿದಳು, ಏನೂ ಹೊಳೆಯಲಿಲ್ಲ. ದೋಸೆ ಹೆಂಚಿನಿಂದ ಸುಟ್ಟುಕೊಂಡ ಕಲೆ ಈ ಊರಿನಲ್ಲಿ ಯಾವ ಹೆಂಗಸಿನ ಕೈಮೇಲಿಲ್ಲ? ಅವಳು ಸ್ಟೂಲ್ ಎಳೆದು ಕೂತಳು. ಬೇರೆ ಮೂವರು ನಿಂತೇ ಕೇಳಿದ್ದರು. ಚೀಟಿಯನ್ನು ಬೋರಲಾಗಿ ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದಳು, ಇಲ್ಲದ ಮುಖವನ್ನು. ನಿಮ್ಮ ಹೆಸರು ಹೇಳಿ ಅಮ್ಮ ಅಂದಳು. ಹುಟ್ಟಿದಂದಿನಿಂದ ಅವಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಪುಟ್ಟಗೌರಿ," ಅಂದೆ. ಈ ಪರೀಕ್ಷೆ ಬರುವವರೆಗೆ ಎಷ್ಟೋ ಕಾಲ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯಲ್ಲಿ ಅಮ್ಮ, ಬೀದಿಯಲ್ಲಿ ಕನಕನ ಅಮ್ಮ, ಯಜಮಾನರಿಗೆ ಇವಳೇ.

ಅವಳ ಬೆರಳುಗಳು ಚೀಟಿಯ ಅಂಚಿನಲ್ಲಿ ನಿಂತುಬಿಟ್ಟವು. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಆದರೂ ಅವಳು ಚೀಟಿ ತಿರುಗಿಸಲಿಲ್ಲ.

"ನಿಮಗೆ ನೆನಪಿರೋ ಮೊಟ್ಟಮೊದಲನೇ ಸಂಗತಿ ಏನು? ನಿಧಾನವಾಗಿ ಹೇಳಿ, ನಾನು ಇಲ್ಲೇ ಇದ್ದೀನಿ."

ಕೋತಿ ಎಂದು ಹೇಳಲು ಬಾಯಿ ತೆರೆದೆ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೂತು ಕೇಳಿರಲಿಲ್ಲ. ಅವಳು ಕಾಯುತ್ತಿದ್ದಳು. ಬಾಯಿಂದ ಬಂದದ್ದು ಬೇರೆ.

"ಮಂಚದ ಕೆಳಗೆ ಕೂತಿದ್ದೆ. ಮೇಲಿಂದ ಒಂದು ಕೈ ಇಳಿಬಿದ್ದಿತ್ತು. ಆ ಕೈ ಏನೋ ಹುಡುಕ್ತಿತ್ತು, ಗಾಳಿಲಿ. ನಾನು ಮುಂದೆ ಸರಿದು ತಲೆ ಕೊಟ್ಟೆ."

ಇದು ಎಲ್ಲಿತ್ತೋ, ಎಷ್ಟು ಹಿಂದಿನದೋ ನನಗೇ ಗೊತ್ತಿರಲಿಲ್ಲ. ಹೇಳುವಾಗ ಆ ಮಂಚದ ಕಬ್ಬಿಣದ ವಾಸನೆ ಬಂತು, ನಾನೀಗ ಮಲಗಿದ್ದ ಮಂಚದ್ದೇ ವಾಸನೆ. ಹೇಳಿ ಮುಗಿದ ಮೇಲೆ ನೆನಪಾಯಿತು. ಚೀಟಿಯಲ್ಲಿ ಇರುವುದು ಕೋತಿ.

ಕನಕ ಚೀಟಿ ತಿರುಗಿಸಿದಳು. ಓದಿದಳು. ಇನ್ನೊಮ್ಮೆ ಓದಿದಳು. ಅದರಲ್ಲಿದ್ದ ಪ್ರತಿ ಮಾತೂ ಅವಳಿಗೆ ಬಾಯಿಪಾಠ. ಪಂಚೆ ಯಾವ ಬಣ್ಣದ್ದು, ಎಷ್ಟು ಬಾಳೆಹಣ್ಣು ಖರ್ಚಾಯಿತು ಎಂಬುದನ್ನೂ ಅವಳು ಹೇಳಬಲ್ಲಳು. ಹೆಸರು ಸರಿಯಿತ್ತು, ಚೀಟಿಯಲ್ಲಿದ್ದ ಕಥೆ ಅವಳ ಅಮ್ಮನದೇ, ಮಲಗಿದವಳೂ ಅವಳ ಅಮ್ಮನೇ. ಕೊಟ್ಟುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಪರೀಕ್ಷೆಗೆ ಮಲಗಿದವರು ತಾವಾಗಿ ಮಾತಾಡುವಂತಿರಲಿಲ್ಲ. ಅವಳ ಮಣಿಕಟ್ಟು ಹಿಡಿದುಕೊಂಡೆ. ಅವಳು ಮೆಲ್ಲಗೆ ನನ್ನ ಬೆರಳು ಬಿಡಿಸಿ, ಕೈಯನ್ನು ಹೊದಿಕೆಯ ಮೇಲಿಟ್ಟಳು. ಲೋಟವನ್ನು ತಟ್ಟೆಗೆ ವಾಪಸಿಟ್ಟು ಎದ್ದು ನಿಂತಳು.

"ಸಿಸ್ಟರ್, ಇವರಿಗೆ ನಾನು ಔಷಧಿ ಕೊಡೋದಿಲ್ಲ. ಹೇಳಿದ್ದು ಚೀಟಿಲಿ ಇಲ್ಲ."

ಎಸ್ತರಮ್ಮ ಕುರ್ಚಿಯಿಂದ ಏಳಲಿಲ್ಲ. ನಿನಗಿಂತ ಮುಂಚೆ ಮೂವರು ಇದೇ ಮಂಚಕ್ಕೆ ಇದೇ ಲೋಟ ಕೊಟ್ಟು ಹೋದರು ಎಂದರು. ಅವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ, ನನಗೆ ಹೇಳಿದ್ದು ಬೇರೆ ಅಂದಳು ಕನಕ.

"ಇವರು ಯಾರೂಂತ ನಿಂಗೆ ಗೊತ್ತಿಲ್ವಾ?" ಎಂದು ಎಸ್ತರಮ್ಮ ಕೇಳಿದರು.

ಕನಕ ನನ್ನ ಕಡೆ ತಿರುಗಲಿಲ್ಲ. "ಗೊತ್ತು ಅಂತ ಅನ್ನಿಸ್ತಿದೆ ಸಿಸ್ಟರ್. ಅದಕ್ಕೇ ಜಾಸ್ತಿ ಭಯ."

ಎಸ್ತರಮ್ಮ ಬರೆದುಕೊಂಡರು. ಕನಕ ಐದನೇ ಮಂಚಕ್ಕೆ ಹೋದಳು. ನಾನು ಚಾವಣಿ ನೋಡುತ್ತ ಮಲಗಿದೆ. ಅವಳ ಎರಡು ವರ್ಷದ ಓದನ್ನು ನನ್ನ ಕೈಯಾರೆ ಕೆಡಿಸಿದೆ ಎಂಬುದೊಂದೇ ತಲೆಯಲ್ಲಿ. ಐದನೇ ಹುಡುಗಿ ಬಂದಳು, ಆರನೆಯವಳು ಬಂದಳು. ಅವರಿಗೆ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ, ಕೋತಿಯೇ ಇರಬೇಕು, ಲೋಟ ಕೊಟ್ಟರು.

ಎಲ್ಲ ಮುಗಿದು ಮಂಚದಿಂದ ಇಳಿದೆ. ನಾಲ್ಕು ಹೆಜ್ಜೆಗೆ ಕನ್ನಡಿ. ಬಂದ ಮುಖ ಅತ್ತದ್ದರಿಂದ ಊದಿಕೊಂಡಿತ್ತು. ಜೈನಾಬಿ ಪಕ್ಕದಲ್ಲಿ ನಿಂತು ತಲೆಯ ಬಟ್ಟೆ ಬಿಚ್ಚುತ್ತ, ನಿನ್ನ ಮಗಳ ಕೈ ಎಷ್ಟು ಮೆತ್ತಗಿದೆಯೇ ಅಂದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ನೇರವಾಗಿ ಎಸ್ತರಮ್ಮನ ಮುಂದೆ ಹೋಗಿ ನಿಂತು ನಡೆದದ್ದನ್ನು ಹೇಳಿದೆ. ತಪ್ಪು ನನ್ನದು, ಬೇರೆ ನೆನಪು ಬರೆಸಿದವಳು ನಾನು, ಬಟ್ಟೆ ಒಗೆಯುವ ಕಡೆಗೆ ಬೇಕಾದರೆ ನನ್ನನ್ನು ಹಾಕಿಕೊಳ್ಳಿ ಅಂದೆ.

"ಕೋತಿ ಕಥೆ ಬರೆಸಿದ್ದು ಯಾರಿಗೋಸ್ಕರ?" ಅಂದರು ಅವರು.

"ಅವಳಿಗೆ ಗೊತ್ತಾಗ್ಲಿ ಅಂತ."

"ನೀವು ಮಲಗಿದಾಗ ಅವಳಿಗೆ ಗೊತ್ತಾಗೋದಲ್ಲ ಬೇಕಾಗಿರೋದು, ಗಂಜಿಯಮ್ಮ. ಅವಳು ಕೇಳೋದು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಂಜಪ್ಪನ ಹತ್ರ ಹೋಗಿ ಸರಿ ಮಾಡಿಸಿ. ನಾಳೆ ನಿಜವಾಗ್ಲೂ ಬಂದು ಮಲಗಿದ್ರೆ ಕೋತಿ ಬಂದು ನಿಮ್ಮನ್ನ ಕಾಯಲ್ಲ."

ಕನಕ ಏನಾದಳು ಎಂದು ಕೇಳಲು ಧೈರ್ಯ ಬರಲಿಲ್ಲ. ಅವರೇ ಹೇಳಿದರು. ಆರು ಜನರಲ್ಲಿ ಇಬ್ಬರು ತೇರ್ಗಡೆ. ಬೇಗ ಬೇಗ ಮಾಡಿದ ಆ ಮೂರನೆಯ ಹುಡುಗಿ ಒಬ್ಬಳು, ಕನಕ ಒಬ್ಬಳು. ಇಷ್ಟು ವರ್ಷದಲ್ಲಿ ನಾನು ಹೂಡಿದ ಪರೀಕ್ಷೆಗಳಲ್ಲಿ ಯಾವುದೂ ಇಷ್ಟು ಚೆನ್ನಾಗಿರಲಿಲ್ಲ, ಇದನ್ನು ಹೂಡಿದವರು ನೀವು ಎಂದು ಎಸ್ತರಮ್ಮ ಹೇಳಿದರು. ಹೊಗಳಿದ್ದೋ ಬೈದದ್ದೋ ಇವತ್ತಿಗೂ ತಿಳಿದಿಲ್ಲ. ಬೋರ್ಡಿನ ಮೇಲೆ ಅವತ್ತು ಎಷ್ಟು ಗಂಟೆಗೆ ಏನಾಗುತ್ತಿತ್ತು ಎಂಬ ಪಟ್ಟಿ ನಾಲ್ಕೇ ಇತ್ತು.

ನಂಜಪ್ಪ ಕೋತಿಯ ಮೇಲೆ ಗೀಟು ಹಾಕುವಾಗ ನಿಜಕ್ಕೂ ಬೇಸರಪಟ್ಟರು. ಹೊಸ ನೆನಪನ್ನು ನಾನು ಹೇಳಿದಂತೆ ಬರೆದುಕೊಂಡು, ಇಷ್ಟೇನಾ ಎಂದು ಕೇಳಿದರು. ಇಷ್ಟೇ ಅಂದೆ.

ಕನಕಳೂ ನಾನೂ ಒಟ್ಟಿಗೇ ಮನೆಗೆ ಹೊರಟೆವು. ಮಸೀದಿಯ ತಿರುವಿನಲ್ಲಿ ಕನಕ ನಗಲು ಶುರುಮಾಡಿದಳು. ಬೆಳಿಗ್ಗೆ ಆರಕ್ಕೇ ಅಡುಗೆ ಆಗಿದ್ದನ್ನು ನೋಡಿ ನಾನು ಮಲಗುತ್ತೇನೆಂದು ಅವಳಿಗೆ ಆಗಲೇ ತಿಳಿದಿತ್ತಂತೆ. ಎರಡನೇ ಮಂಚದ ಕೈ ನನ್ನದೇ ಎಂದು ಆಣೆ ಮಾಡುವಷ್ಟು ನಂಬಿಕೆ ಇತ್ತಂತೆ, ಹೆಬ್ಬೆರಳಿನ ಪಕ್ಕ ಸುಟ್ಟ ಕಲೆ ಇತ್ತಲ್ಲ ಎಂದಳು. ನನಗೂ ಇದೆ ಎಂದು ಕೈ ಚಾಚಿ ತೋರಿಸಿದೆ. ನನ್ನದು ಎಡಗೈಯಲ್ಲಿ. ಹತ್ತೊಂಬತ್ತು ವರ್ಷ ನನ್ನ ಕೈಯಡುಗೆ ಉಂಡವಳು ಆ ಕೈಯನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನೀನೂ ಕಿಟಕಿ ಪಕ್ಕದವಳ ಮಗಳೇ ಅಂದೆ. ಅವಳ ಅಜ್ಜಿಯ ಮಾತು ಅದು, ಅವಳಿಗೆ ಗೊತ್ತಿತ್ತು. ಇಬ್ಬರೂ ನಿಂತು ನಕ್ಕೆವು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಬದಲಾವಣೆಯಾಗಿದೆ. ಈಗ ಕನಕ ಡ್ಯೂಟಿಗೆ ಹೋಗುತ್ತಾಳೆ. ಬೆಳಿಗ್ಗೆ ನನ್ನ ಬಿಪಿ ಮಾತ್ರೆ ಕೊಡುವ ಮುಂಚೆ ಕಾಫಿ ಲೋಟ ಕೆಳಗಿಟ್ಟು, ನಿಮ್ಮ ಹೆಸರು ಹೇಳಿ ಅಮ್ಮ ಅನ್ನುತ್ತಾಳೆ. ಒಲೆಯ ಮೇಲೆ ಹಾಲು ಇರುತ್ತದೆ, ನನಗೆ ತಡವಾಗುತ್ತಿರುತ್ತದೆ, ಆದರೂ ಹೇಳುತ್ತೇನೆ. ಅವಳಪ್ಪ, ಇವಳು ನಮ್ಮ ಮನೆಯವಳೇ, ಬೇಕಾದರೆ ನಾನು ಸಾಕ್ಷಿ ಹೇಳುತ್ತೇನೆ ಎಂದು ರೇಗಿಸುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಇವತ್ತು ಎರಡನೇ ಪ್ರಶ್ನೆಯನ್ನೂ ಕೇಳಿದಳು. ಮಂಚ, ಕೈ, ತಲೆ ಎಂದು ಚಪಾತಿ ಹಿಟ್ಟು ನಾದುತ್ತ ಹೇಳಿದೆ. ಅವಳು ಮಾತ್ರೆಯನ್ನು ಕೊಡಲಿಲ್ಲ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು.

"ಅದು ಯಾರ ಕೈ ಅಮ್ಮ?"

"ನಿಮ್ಮಜ್ಜಿದೇ ಇರಬೇಕು. ನಾನು ಸಣ್ಣೋಳಿದ್ದಾಗ ಅವಳು ಒಂದು ಸಲ ಆಸ್ಪತ್ರೆಲಿದ್ಲಂತೆ. ಮುಖ ಇರ್ಲಿಲ್ಲವಲ್ಲ, ಹೆಂಗೆ ಹೇಳೋದು."

"ಕಿರುಬೆರಳು ಸೊಟ್ಟ ಇತ್ತಾ?"

ನಾನು ನಾದುವುದನ್ನು ನಿಲ್ಲಿಸಿ ನೆನಪು ಮಾಡಿಕೊಳ್ಳಲು ನೋಡಿದೆ. ಗಾಳಿಯಲ್ಲಿ ಹುಡುಕುತ್ತಿದ್ದ ಕೈ ಕಂಡಿತು, ಬೆರಳು ಕಾಣಲಿಲ್ಲ. ಆಮೇಲೆ ಬರೀ ಬಿಸಿ, ನೆತ್ತಿಯ ಮೇಲೆ.

"ನೋಡೋಕಾಗ್ಲಿಲ್ಲ ಕಣೆ," ಅಂದೆ. "ತಲೆ ಮೇಲಿತ್ತಲ್ಲ."

ಕನಕ ಮಣೆಯಿಂದ ಎದ್ದಳು. ಆಮೇಲೆ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ಔಷಧಿಯ ಹೆಸರನ್ನು ಇನ್ನೊಮ್ಮೆ ಓದಿ, ಹಿಟ್ಟು ಮೆತ್ತಿದ ನನ್ನ ಅಂಗೈಯಲ್ಲಿ ಒಂದು ಮಾತ್ರೆ ಇಟ್ಟಳು.